ಸುಳ್ಳು ಬೋರ್ಡಿನ ಮನೆ

ಸುಳ್ಳು ಹೇಳುವುದರಲ್ಲಿ ನಾನು ಗಟ್ಟಿಗಿತ್ತಿ. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಾಲವೂ ಒಂದಿತ್ತು. ಐದು ವರ್ಷ ಅದೇ ನನ್ನ ಕಸುಬು. ಬೆಳಿಗ್ಗೆ ಎಂಟೂವರೆಗೆ ಕೊಳ್ಳೇಗಾಲದಲ್ಲಿ ಯಳಂದೂರಿನ ಬಸ್ಸು ಹತ್ತುವ ನನ್ನನ್ನು ನಮ್ಮ ಬೀದಿಯವರು ಯಾರೇ ಕೇಳಲಿ, "ನೀರಿನ ಶಾಖೇಲಿ ಕಸ ಗುಡ್ಸಾಕೆ ಓಯ್ತೀನಿ ಕಣವ್ವ" ಎನ್ನುತ್ತಿದ್ದೆ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ರೇಷ್ಮೆ ಸೀರೆ ನೇಯುವ ನನ್ನ ಗಂಡನಿಗೂ ಮೊದಲ ಆರು ತಿಂಗಳು ಗೊತ್ತಿದ್ದದ್ದು ಇಷ್ಟೇ. ನಾದಿನಿ ಒಬ್ಬಳು ತನ್ನ ಮನೆಗೆ ನಲ್ಲಿ ಹಾಕಿಸಿಕೊಡು ಎಂದು ವರ್ಷವೆಲ್ಲ ಕಾಡಿ, ಕೊನೆಗೆ ಇವಳಿಗೆ ದುರಹಂಕಾರ ಎಂದು ಮಾತು ಬಿಟ್ಟಳು. ಬಿಟ್ಟರೆ ಬಿಡಲಿ ಎಂದುಕೊಂಡೆ.

ನಿಜ ಏನೆಂದರೆ, ಯಳಂದೂರಿನ ನೀರಿನ ಟ್ಯಾಂಕಿನ ಹಿಂದೆ ಒಂದು ಹಳೆಯ ಹೆಂಚಿನ ಮನೆ ಇತ್ತು. ಹಿಂದೆ ಅಲ್ಲಿ ಊರಿಗೆ ನೀರು ಬಿಡುವ ನೀರುಗಂಟಿಗಳು ಇರುತ್ತಿದ್ದರಂತೆ. ಗಂಡನ ಮನೆಯ ಹೊಡೆತ ತಾಳದೆ ಹೊರಬಂದ ಹೆಂಗಸರನ್ನು ಯಾರಿಗೂ ಗೊತ್ತಾಗದಂತೆ ಇರಿಸುವುದಕ್ಕೆ ಊರಿನ ಆಡಳಿತದವರು ಅದನ್ನು ರಿಪೇರಿ ಮಾಡಿಸಿ ಬಿಟ್ಟುಕೊಟ್ಟಿದ್ದರು. ಹಗಲು ಅಲ್ಲಿರುವವಳು ನಾನು, ರಾತ್ರಿಗೆ ಇನ್ನೊಬ್ಬಳು. ನಮ್ಮಿಬ್ಬರ ಮೇಲೆ ಸರ್ಕಾರದಿಂದ ನೇಮಕವಾದ ಒಬ್ಬರು ಅಧಿಕಾರಿ. ನಾವು ಅವರನ್ನು ಮೇಡಂ ಎಂದಷ್ಟೇ ಕರೆಯುತ್ತಿದ್ದೆವು. ಕೊಳ್ಳೇಗಾಲ, ಹನೂರು, ಅತ್ತ ಒಡೆಯರಪಾಳ್ಯದ ಕಡೆಯಿಂದೆಲ್ಲ ಹೆಂಗಸರು ಬರುತ್ತಿದ್ದರು. ಕೆಲವರು ಬ್ಯಾಗು ಹಿಡಿದು, ಕೆಲವರು ಕಾಲಲ್ಲಿ ಚಪ್ಪಲಿಯೂ ಇಲ್ಲದೆ. ಆ ಮನೆ ಈಗ ಆ ಕೆಲಸಕ್ಕಿಲ್ಲ, ಅದಕ್ಕೇ ಇದನ್ನೆಲ್ಲ ಬರೆಯುವ ಧೈರ್ಯ ಬಂದಿದೆ.

ಶುರುವಿನಲ್ಲಿ ಬೋರ್ಡಿನದೇ ದೊಡ್ಡ ರಾಮಾಯಣವಾಗಿತ್ತು. ಸರ್ಕಾರದ ದುಡ್ಡಿನ ಮನೆಗೆ ಬೋರ್ಡು ಇಲ್ಲದಿದ್ದರೆ ಹೇಗೆ ಎಂದು ಊರಿನ ಆಡಳಿತದ ಒಬ್ಬ ಸದಸ್ಯರು ಹಿಡಿದ ಪಟ್ಟು ಬಿಡಲಿಲ್ಲ. ನೊಂದ ಹೆಂಗಸರ ಮನೆ ಎಂದು ಬರೆಸಿದರೆ ನೋಯಿಸಿದ ಗಂಡಸರಿಗೆ ದಾರಿ ತೋರಿಸಿದಂತೆ ಎಂದು ಆ ಸದಸ್ಯರಿಗೆ ಮೇಡಂ ಅರ್ಥ ಮಾಡಿಸುವಷ್ಟರಲ್ಲಿ ಎರಡು ಸಭೆ ಕಳೆದವು. ಕೊನೆಗೆ ಬೋರ್ಡು ಬಂತು. ಹಳದಿಯ ಮೇಲೆ ಕಪ್ಪಕ್ಷರದಲ್ಲಿ "ನೀರು ಸರಬರಾಜು ಶಾಖೆ, ಸಾಮಾನು ಕೊಠಡಿ" ಎಂದು ಬರೆದಿತ್ತು. ಬಾಗಿಲ ಪಕ್ಕದಲ್ಲಿ ನಾಲ್ಕು ತುಕ್ಕು ಹಿಡಿದ ಪೈಪುಗಳನ್ನೂ ತಂದು ಒರಗಿಸಿದರು. ಬೋರ್ಡಿಗೂ ನನಗೂ ಒಂದೇ ಕೆಲಸ ಸಿಕ್ಕಿತು.

ನನ್ನನ್ನು ಸೇರಿಸಿಕೊಳ್ಳುವಾಗ ಮೇಡಂ ಒಂದು ಮಾತನ್ನು ಮೂರು ಸಲ ಹೇಳಿದ್ದರು. ಯಾವ ಹೆಂಗಸು ಯಾವ ಊರಿಂದ ಬಂದಿರುತ್ತಾಳೋ ಆ ಊರಿಗೆ ಈ ಮನೆಯಿಂದ ಒಂದು ಕಡ್ಡಿಯೂ ಹೋಗಕೂಡದು. ಕಾಗದ, ಬಟ್ಟೆ, ತಿಂಡಿ, ಏನೂ. ನಾನು ಮೂರು ಸಲವೂ ತಲೆಯಾಡಿಸಿದ್ದೆ.

ಆ ಹುಡುಗಿ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಹುಡುಗಿ ಎನ್ನುತ್ತೇನೆ, ನಾಲ್ಕು ವರ್ಷದ ಹೆಣ್ಣುಮಗುವಿನ ತಾಯಿ ಅವಳು. ನಮ್ಮ ಕೊಳ್ಳೇಗಾಲದವಳೇ, ನಮ್ಮಿಂದ ಮೂರು ಬೀದಿ ಆಚೆಯ ನೇಕಾರರ ಮನೆಯ ಸೊಸೆ. ಗಂಡನ ಮುಖ ನಾನೂ ನೂಲಿನ ಅಂಗಡಿಯಲ್ಲಿ ನಾಲ್ಕೈದು ಸಲ ನೋಡಿದ್ದೆ. ತಲೆ ತಗ್ಗಿಸಿ ನಡೆಯುವ, ಹಿರಿಯರಿಗೆ ಎದ್ದು ಜಾಗ ಕೊಡುವ ಆಸಾಮಿ. ಇವಳ ಕುತ್ತಿಗೆಯ ಸುತ್ತ ಮಗ್ಗದ ಹಗ್ಗದ ಗುರುತಿತ್ತು. ಎಡಗೈಯ ಎರಡು ಬೆರಳು ಮಡಿಸಲು ಬರುತ್ತಿರಲಿಲ್ಲ. ಹಿಂದಿನ ವರ್ಷ ಅವನು ಬಾಗಿಲ ಸಂದಿಯಲ್ಲಿಟ್ಟು ಬಾಗಿಲು ಒತ್ತಿದ್ದನಂತೆ. "ಎಲ್ಲೋದ್ರೂ ಉಡುಕ್ತೀನಿ, ಸಿಕ್ ದಿನ್ವೇ ನಿನ್ ಕಡೇ ದಿನ" ಎಂದಿದ್ದನಂತೆ. ಇದನ್ನು ಅವಳು ಅಳದೆ, ಸಂತೆಗೆ ಯಾವ ಬಸ್ಸು ಎಂದು ಹೇಳುವಷ್ಟು ಸಲೀಸಾಗಿ ಹೇಳಿದಳು. ಅವಳ ಮಾತನ್ನು ನಾನು ಪೂರ್ತಿ ನಂಬಿದೆ. ಅವನು ಹತ್ತಿರ ಸುಳಿಯಕೂಡದೆಂಬ ಕೋರ್ಟಿನ ಆದೇಶಕ್ಕೆ ಅರ್ಜಿ ಹಾಕಿದ್ದರು. ಅದು ಕೈಗೆ ಬರುವವರೆಗೆ ಅವಳನ್ನು ಬದುಕಿಸಿಟ್ಟುಕೊಳ್ಳುವುದು ನಮ್ಮ ಕೆಲಸವಾಗಿತ್ತು.

ಆಗ ಆ ಮನೆಯಲ್ಲಿದ್ದವರು ಇವರಿಬ್ಬರು ಮತ್ತು ಬಂಡಳ್ಳಿ ಕಡೆಯ ಒಬ್ಬ ಅಜ್ಜಿ. ಮಗನೇ ಹೊಡೆದು ಹೊರಗೆ ಹಾಕಿದ್ದ ಅಜ್ಜಿ ಅದು. ಬಾಯಿ ಜೋರು, ಸಾರು ಚೆನ್ನಾಗಿ ಮಾಡುತ್ತಿತ್ತು.

ತಿಂಗಳು ಕಳೆಯುವಷ್ಟರಲ್ಲಿ ಹುಡುಗಿ ಚಡಪಡಿಸತೊಡಗಿದಳು. ಕಿಟಕಿ ತೆರೆಯುವಂತಿಲ್ಲ, ಅಂಗಳಕ್ಕೆ ಹೋಗುವಂತಿಲ್ಲ, ಫೋನಿಲ್ಲ. "ಕೈ ಸುಮ್ಕಿದ್ರೆ ತಲೆ ಸುಮ್ಕಿರಾಕಿಲ್ಲ ಅಕ್ಕ, ಏನಾದ್ರೂ ಕೆಲ್ಸ ಕೊಡಿ" ಎಂದಳು. ನೇಕಾರರ ಮನೆಯವಳಿಗೆ ಏನು ಕೆಲಸ ಕೊಡುವುದು? ಸೀರೆಗೆ ಕುಚ್ಚು ಕಟ್ಟುವುದು ತಾನೇ. ಸೆರಗಿನ ತುದಿಯ ಬಿಡಿ ಎಳೆಗಳನ್ನು ಹಿಡಿಹಿಡಿಯಾಗಿ ಹೊಸೆದು, ಗಂಟು ಹಾಕಿ, ಸಾಲಾಗಿ ಜೋಲಿಸುವ ಕೆಲಸ. ಅಂಗಡಿಯವರು ಸೀರೆ ಕೊಡುತ್ತಾರೆ, ಹೆಂಗಸರು ಮನೆಯಲ್ಲಿ ಕೂತು ಕಟ್ಟಿ ಕೊಡುತ್ತಾರೆ. ಮೇಡಂ ಒಪ್ಪಿದರು, ಆದರೆ ಚಾಮರಾಜನಗರದ ಅಂಗಡಿಯಿಂದಲೇ ತರಬೇಕು, ಕೊಳ್ಳೇಗಾಲದಿಂದ ಬೇಡ ಎಂದರು. ಯಳಂದೂರಿನಿಂದ ಮನೆಗೆ ಹೋಗುವ ನನಗೆ ಚಾಮರಾಜನಗರ ಎದುರು ದಿಕ್ಕು. ಒಂದು ಸಲ ಹೋದೆ, ಅಂಗಡಿಯವನು ಗುರುತಿಲ್ಲದವರಿಗೆ ಸೀರೆ ಕೊಡುವುದಿಲ್ಲ ಎಂದ. ನಮ್ಮ ಬೀದಿಯ ಮೂಲೆಯಲ್ಲೇ ಅಂಗಡಿ ಇತ್ತು, ಅದರ ಯಜಮಾನರು ನನ್ನನ್ನು ಮದುವೆಯಾಗಿ ಬಂದಾಗಿನಿಂದ ಬಲ್ಲವರು. ಸೀರೆಗೇನು ಬಾಯಿ ಇದೆಯೇ ಎಂದುಕೊಂಡು ಅವರಿಂದಲೇ ತಂದೆ. ಮೇಡಂಗೂ ಹುಡುಗಿಗೂ ಚಾಮರಾಜನಗರದ್ದು ಎಂದೆ. ನನ್ನ ಸುಳ್ಳುಗಳಲ್ಲಿ ಅದು ತೀರ ಸಣ್ಣದು, ಹೇಳಿದ್ದೇ ಮರೆತುಹೋಗಿತ್ತು.

ಅವಳು ಕಟ್ಟಿದ ಕುಚ್ಚು ನೋಡುವ ಹಾಗಿತ್ತು. ಮಡಿಸಲು ಬಾರದ ಆ ಎರಡು ಬೆರಳಿಂದಾಗಿ ಪ್ರತಿ ಗಂಟೂ ಒಂದಿಷ್ಟು ಎಡಕ್ಕೆ ವಾಲಿ ಕೂರುತ್ತಿತ್ತು. ಸಾಲಾಗಿ ನೋಡಿದರೆ ಗಾಳಿಗೆ ಬಾಗಿದ ಪೈರಿನಂತೆ ಕಾಣುತ್ತಿತ್ತು. ಅಂಗಡಿಯ ಯಜಮಾನರು ಮೆಚ್ಚಿಕೊಂಡು ಇನ್ನಷ್ಟು ಕೊಟ್ಟರು. ನಾನು ಹಿಗ್ಗಿದೆ.

ಅದು ಬುಧವಾರ. ಬಸ್ಸು ಹೊರಡುವುದರಲ್ಲಿತ್ತು. ಆಧಾರ್ ಕಾರ್ಡು ತೋರಿಸಿ, ಹೆಂಗಸರಿಗೆ ಕೊಡುವ ಸೊನ್ನೆ ಟಿಕೆಟನ್ನು "ಯಳಂದೂರು" ಎಂದು ಕೇಳಿ ಪಡೆದೆ. ನನ್ನ ಹಿಂದೆಯೇ ಒಂದು ಗಂಡು ದನಿ ಹಣ ಕೊಟ್ಟು "ನಂಗೂ ಯಳಂದೂರೇ" ಎಂದಿತು. ಡ್ರೈವರನ ತಲೆಯ ಮೇಲಿನ ಕನ್ನಡಿಯಲ್ಲಿ ನೋಡಿದೆ. ಅವನೇ. ಆ ಹುಡುಗಿಯ ಗಂಡ, ಎರಡು ಸೀಟು ಹಿಂದೆ, ಮಡಿಲಲ್ಲಿ ನಮ್ಮ ಬೀದಿಯ ಅಂಗಡಿಯ ಕೈಚೀಲ ಇಟ್ಟುಕೊಂಡು ಕೂತಿದ್ದ. ಹಣೆಯಲ್ಲಿ ವಿಭೂತಿ, ಇಸ್ತ್ರಿ ಮಾಡಿದ ಅಂಗಿ.

ಇರಲಿ, ಏನೋ ಕೆಲಸವಿದ್ದೀತು ಎಂದು ಮೊದಲು ಸಮಾಧಾನ ಹೇಳಿಕೊಂಡೆ. ಆದರೆ ನಾನು ಕನ್ನಡಿ ನೋಡಿದಾಗಲೆಲ್ಲ ಅವನು ಕನ್ನಡಿಯನ್ನೇ ನೋಡುತ್ತಿದ್ದ. ಯಳಂದೂರಿನವರೆಗೆ ಹೋಗಿ ಇಳಿದರೆ ಅವನು ಹಿಂದೆ ಬರುತ್ತಾನೆ; ಟ್ಯಾಂಕಿನ ಕಡೆಗೆ ಎರಡು ಹೆಜ್ಜೆ ಇಟ್ಟರೂ ಮುಗಿಯಿತು. ಹಾಗಾಗಿ ನಡುವಿನ ಅಗರದಲ್ಲಿ ಬಸ್ಸು ನಿಂತದ್ದೇ ಧಡಕ್ಕನೆ ಇಳಿದೆ. ಬಸ್ಸು ಹೊರಟಿತು. ಧೂಳು ಇಳಿದಾಗ ನೋಡಿದರೆ ಅವನೂ ಇಳಿದು ನಿಂತಿದ್ದ.

"ಅಕ್ಕ, ಯಳಂದೂರ್ಗೆ ಟಿಕೀಟ್ ತಕಂಡ್ರಿ, ಇಲ್ಲೇ ಇಳುದ್ಬುಟ್ರಲ್ಲ?" ಎಂದ. ದನಿಯಲ್ಲಿ ಒಂದಿಷ್ಟೂ ಒರಟಿರಲಿಲ್ಲ.

"ನಿಂಗ್ಯಾಕಪ್ಪ? ಇಲ್ಲಿ ನಮ್ ನೆಂಟ್ರವ್ರೆ."

"ಕ್ವಾಪ ಮಾಡ್ಕಬ್ಯಾಡಿ. ಒಂದ್ ಮಾತ್ ಕೇಳಾಣ ಅಂತ ಬಂದಿ." ಕೈಚೀಲದಿಂದ ಒಂದು ಸೀರೆ ತೆಗೆದು ಸೆರಗು ಬಿಡಿಸಿ ಹಿಡಿದ. "ಅಂಗಡಿ ಯಜಮಾನ್ರು ನಿಮ್ಮೆಸ್ರು ಯೋಳುದ್ರು. ಈ ಕುಚ್ಚು ಕಟ್ಟುದ್ದು ಯಾರಕ್ಕ?"

"ನಾನೇ. ಯಾಕೆ, ಚೆನ್ನಾಗಿಲ್ವಾ?"

"ಚೆನ್ನಾಗದೆ. ಎಲ್ಲಾ ಗಂಟೂ ಎಡುಕ್ಕೆ ವಾಲ್ಕಂಡವೆ. ನಮ್ ಮನೇಲೂ ಒಬ್ಳು ಇಂಗೇ ಕಟ್ತಿದ್ಲು."

ಯಾಕೆ ವಾಲುತ್ತವೆ ಎಂದು ಅವನು ಹೇಳಲಿಲ್ಲ. ಅವಳ ಬೆರಳು ಮುರಿದವನು ತಾನು ಮುರಿದದ್ದರ ಗುರುತನ್ನೇ ಹಿಡಿದು ಅವಳನ್ನು ಹುಡುಕಿಕೊಂಡು ಬಂದಿದ್ದಾನೆ ಎಂದು ಹೊಳೆಯಿತು. ಭಯಕ್ಕಿಂತ ಸಿಟ್ಟು ಮುಂದೆ ಬಂತು.

"ನೀವೇ ಕಟ್ಟಿದ್ರೆ ಒಂದ್ ಗಂಟಾಕಿ ತೋರ್ಸಿ ಮತ್ತೆ," ಎಂದ.

"ರಸ್ತೇಲಿ ಕುಂತ್ಕಂಡು ನಿಂಗೆ ಕುಚ್ಚು ಕಟ್ಟಿ ತೋರ್ಸಾಕೆ ನಾನೇನು ನಿನ್ ಮನೆ ಆಳಾ? ಓಗಪ್ಪ, ನಿನ್ ದಾರಿ ನೋಡ್ಕ."

ನಿಲ್ದಾಣದಲ್ಲಿದ್ದ ಇಬ್ಬರು ಗಂಡಸರು ತಿರುಗಿ ನೋಡಿದರು. ಅವನು ನಕ್ಕ. ಸೀರೆಯನ್ನು ಮಡಿಕೆ ಕೆಡದಂತೆ ಮಡಿಸಿದ. ಎಷ್ಟೆಂದರೂ ನೇಕಾರ. "ಆಯ್ತು ಬುಡಿ. ಮಾದಪ್ಪನಾಣೆ ನಾನೇ ಕಟ್ಟುದ್ದು ಅಂತ ಒಂದ್ ಮಾತ್ ಯೋಳ್ಬುಡಿ. ಇಲ್ಲಿಂದ್ಲೇ ವಾಪಸ್ ಒಂಟೋಯ್ತೀನಿ."

ನಮ್ಮ ಕಡೆಯವರಲ್ಲದವರಿಗೆ ಇದನ್ನು ಹೇಗೆ ತಿಳಿಸುವುದೋ ಗೊತ್ತಿಲ್ಲ. ನಾವು ಕೋರ್ಟಿನ ಕಟಕಟೆಯಲ್ಲಿ ಸುಳ್ಳು ಹೇಳಬಲ್ಲೆವು, ಮಕ್ಕಳ ತಲೆ ಮುಟ್ಟಿ ಸುಳ್ಳು ಹೇಳುವವರೂ ಇದ್ದಾರೆ. ಆದರೆ ಬೆಟ್ಟದ ಮಾದಪ್ಪನ ಹೆಸರು ಹಿಡಿದು ಸುಳ್ಳಾಡುವುದಿಲ್ಲ. ಸಣ್ಣವಳಿದ್ದಾಗ ನನ್ನ ಅವ್ವ, ಮಾದಪ್ಪನ ಸುಳ್ಳಾಣೆ ಮಾಡಿದವನ ಮನೆಯ ಒಲೆ ಮತ್ತೆ ಹೊತ್ತುವುದಿಲ್ಲ ಎನ್ನುತ್ತಿದ್ದಳು. ಸರ್ಕಾರಿ ಕೆಲಸದ ಐದು ವರ್ಷದ ಸುಳ್ಳುಗಳೆಲ್ಲ ನನ್ನ ನಾಲಿಗೆಯ ಮೇಲೆ ಸಲೀಸಾಗಿ ಓಡಾಡಿದ್ದವು. ಇದೊಂದು ಮಾತಿಗೆ ನಾಲಿಗೆ ಕಟ್ಟಿಹೋಯಿತು. ಹೇಳಿಬಿಡು, ಹೇಳಿಬಿಡು, ಒಂದು ಜೀವ ಉಳಿಯುತ್ತದೆ, ಮಾದಪ್ಪನೇ ಕ್ಷಮಿಸುತ್ತಾನೆ ಎಂದು ಮನಸ್ಸು ಬಡಿದುಕೊಳ್ಳುತ್ತಿತ್ತು. ಬಾಯಿ ತೆರೆಯಲಿಲ್ಲ.

"ಬೆಳ್ ಬೆಳಗ್ಗೆ ದೇವ್ರೆಸ್ರ ಬೀದೀಲಿ ಯಾಕಪ್ಪ ಎಳೀತೀಯ..." ಎಂದು ಕೊನೆಗೆ ಏನೋ ಅಂದೆ. ತಡವಾಗಿತ್ತು.

"ಸಾಕು ಕಣಕ್ಕ. ಗೊತ್ತಾಯ್ತು," ಎಂದು ಅವನು ಕೈಮುಗಿದ. ನಿಜಕ್ಕೂ ಕೈಮುಗಿದ. ಹಿಂದೆ ಬಂದ ಬಸ್ಸಿಗೆ ಕೈ ಅಡ್ಡ ಹಿಡಿದು ಯಳಂದೂರಿನ ಕಡೆಗೆ ಹೊರಟುಹೋದ. ಟಿಕೆಟು ಕೇಳಿಸಿಕೊಂಡಿದ್ದನಲ್ಲ, ಊರು ಯಾವುದೆಂದು ಅವನಿಗೆ ಗೊತ್ತಿತ್ತು. ಮನೆ ಹುಡುಕುವುದಷ್ಟೇ ಬಾಕಿ.

ಮೇಡಂಗೆ ಫೋನು ಮಾಡಿದೆ. ಎಲ್ಲ ಹೇಳಿದೆ, ಕೊಳ್ಳೇಗಾಲದ ಅಂಗಡಿಯನ್ನೂ ಸೇರಿಸಿ. ಬೈದಿದ್ದರೆ ಚೆನ್ನಾಗಿತ್ತು. "ಬೇರೆ ಜಾಗ ನೋಡೋಕೆ, ಗಾಡಿ ಕಳಿಸೋಕೆ ನನಗೆ ಎರಡು ಗಂಟೆ ಬೇಕು. ನೀವು ಹಿಂದಿನ ದಾರಿಯಿಂದ ಒಳಗೆ ಹೋಗಿ. ಬಾಗಿಲು ತೆಗೆಯಬೇಡಿ," ಎಂದರು. ಪೊಲೀಸರು ಎಂದೆ. ಅವರಿಗೂ ತಿಳಿಸುತ್ತೇನೆ, ಆದರೆ ಕೋರ್ಟಿನ ಆದೇಶ ಇನ್ನೂ ಬಂದಿಲ್ಲ, ರಸ್ತೆಯಲ್ಲಿ ನಡೆದಾಡುವವನನ್ನು ಯಾವ ತಪ್ಪಿಗೆ ಹಿಡಿಯುತ್ತಾರೆ, ಬಾಗಿಲಲ್ಲಿ ಖಾಕಿ ನಿಂತರೆ ಅದೇ ಮನೆ ಎಂದು ನಾವೇ ತೋರಿಸಿದಂತಾಗುತ್ತದೆ ಎಂದರು. ಅದೂ ಸರಿಯೇ.

ಆಟೋ ಹಿಡಿದು, ಊರಿನ ಹೊರಗೇ ಇಳಿದು, ಗದ್ದೆಯ ಬದುವಿನ ಮೇಲೆ ಸೆರಗು ಹೊದ್ದು ನಡೆದೆ. ಐವತ್ತೆಂಟು ವರ್ಷದ ಮೈ, ಎರಡು ಸಲ ಎಡವಿದೆ. ಹಿತ್ತಲ ಬಾಗಿಲಿಂದ ಒಳಗೆ ಹೋದಾಗ ಹುಡುಗಿ ಕಾಲು ಚಾಚಿ ಕೂತು ಕುಚ್ಚು ಕಟ್ಟುತ್ತಿದ್ದಳು. ಮಗು ಪಕ್ಕದಲ್ಲಿ ಕತ್ತರಿಸಿದ ಎಳೆಗಳನ್ನು ಗುಡ್ಡೆ ಹಾಕುತ್ತಿತ್ತು.

ಹೇಳಿದೆ. ಸುತ್ತಿ ಬಳಸಿ ಹೇಳುವಷ್ಟು ಹೊತ್ತಿರಲಿಲ್ಲ.

ಅವಳು ಕೈಯಲ್ಲಿದ್ದ ಗಂಟನ್ನು ಮುಗಿಸಿ ಸೀರೆ ಕೆಳಗಿಟ್ಟಳು. "ಕೊಳ್ಳೇಗಾಲುಕ್ಕಾ ಕೊಟ್ಟಿದ್ರಿ ಅಕ್ಕ?" ಎಂದಳು. ಅಷ್ಟೇ. ಬೈಗುಳವಿರಲಿಲ್ಲ. ನಾನು ಭೂಮಿಗಿಳಿದು ಹೋದೆ. ತಪ್ಪಾಯಿತು ಎಂದು ಅವಳ ಕೈ ಹಿಡಿಯಹೋದೆ. ಆ ಎರಡು ಬೆರಳೇ ಕೈಗೆ ಸಿಕ್ಕವು, ಬಿಟ್ಟುಬಿಟ್ಟೆ.

"ಆಣೆ ಕೇಳುದ್ನಾ?" ಎಂದಳು.

"ಕೇಳ್ದ."

"ನೀವು ಮಾಡ್ಲಿಲ್ಲ."

"ಆಗ್ಲಿಲ್ಲ ಕಣವ್ವ."

ಅವಳು ತಲೆಯಾಡಿಸಿದಳು, ನನಗೆ ಆಗುವುದಿಲ್ಲ ಎಂದು ಮೊದಲೇ ಗೊತ್ತಿದ್ದವಳ ಹಾಗೆ. ಎದ್ದು ಮಗುವಿನ ಬಟ್ಟೆ ಮಡಿಸತೊಡಗಿದಳು.

ಗಂಟೆ ಹತ್ತೂವರೆ ದಾಟಿರಬೇಕು. ಅಜ್ಜಿ ಮುಂದಿನ ಕಿಟಕಿಯ ಬಿರುಕಿಗೆ ಕಣ್ಣಿಟ್ಟು ಕೂತಿತ್ತು. ಮನೆಮನೆಯ ಬಾಗಿಲು ತಟ್ಟಿಕೊಂಡು ಬರುತ್ತಿದ್ದ ಒಬ್ಬನನ್ನು ಕಂಡು ಇದ್ದಕ್ಕಿದ್ದಂತೆ ಕೈ ಎತ್ತಿತು. ಹೊರಗೆ ಪೈಪು ಒಂದಕ್ಕೊಂದು ತಾಗಿದ ಸದ್ದು, ಆಮೇಲೆ ಬಾಗಿಲ ಮೇಲೆ ಮೂರು ಬಡಿತ.

"ಯಾರಿದ್ದೀರವ್ವ?"

ಅದೇ ವಿನಯದ ದನಿ. ಹುಡುಗಿ ಮಗುವನ್ನು ಎದೆಗೆ ಅವುಚಿ ಅದರ ಬಾಯಿಯ ಮೇಲೆ ಅಂಗೈ ಇಟ್ಟಳು. ಮಗು ಕಣ್ಣು ಅಗಲಿಸಿ ನನ್ನನ್ನೇ ನೋಡುತ್ತಿತ್ತು, ಒಂದಿಷ್ಟೂ ಕೊಸರಾಡಲಿಲ್ಲ. ಅಪ್ಪನ ದನಿ ಕೇಳಿದರೆ ಸುಮ್ಮನಿರಬೇಕು ಎಂದು ನಾಲ್ಕು ವರ್ಷದ ಮಗುವಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ನಾನು ಗೋಡೆಗೆ ಒತ್ತಿಕೊಂಡೆ. ನನ್ನ ದನಿ ಅವನಿಗೆ ಗೊತ್ತು, ನಾನು ಉಸಿರೆತ್ತುವಂತಿರಲಿಲ್ಲ.

ಅಜ್ಜಿ ನಮ್ಮನ್ನೊಮ್ಮೆ ನೋಡಿ, ಬಾಗಿಲನ್ನು ಮುಖ ತೂರುವಷ್ಟೇ ತೆರೆಯಿತು. ಬಾಗಿಲು ತೆಗೆಯಬೇಡಿ ಎಂದಿದ್ದರು ಮೇಡಂ.

"ಏನಪ್ಪಾ?"

"ಇದೇನ್ ಆಫೀಸಾ ಅಜ್ಜಿ?"

"ಕಣ್ ಕಾಣಾಕಿಲ್ವಾ? ಬೋಲ್ಡ್ ಆಕವ್ರಲ್ಲ, ಓದಾಕ್ ಬರಾಕಿಲ್ವಾ? ಪೈಪ್ ಮಡ್ಗೋ ಜಾಗ. ನಿಮ್ ಬೀದೀಲೂ ನೀರ್ ಬತ್ತಿಲ್ವಾ? ಇಲ್ ಬಂದ್ ನನ್ ಪ್ರಾಣ ತಿಂದ್ರೆ ನೀರ್ ಬತ್ತದಾ? ಆಫೀಸ್ಗೋಗಿ ಅರ್ಜಿ ಕೊಡು."

"ಅಲ್ಲಜ್ಜಿ, ಇಲ್ಲಿ ಎಂಗುಸ್ರು..."

"ನಾನೊಬ್ಳು ಎಂಗ್ಸು ಇವ್ನಿ. ಕಾವ್ಲು ಕುಂತಿವ್ನಿ. ಏನಾಗ್ಬೇಕು ನಿಂಗೆ? ಒಳ್ಳೆ ಕಾಟ್ವಾಯ್ತಲ್ಲ!"

ಆಚೆ ಮನೆಯವರು ಯಾರೋ ನಕ್ಕದ್ದು ಕೇಳಿಸಿತು. ನೀರಿನ ದೂರು ತಂದು ಬೈಸಿಕೊಳ್ಳುವವರನ್ನು ಆ ಬೀದಿ ದಿನಾ ನೋಡುತ್ತಿತ್ತು. ಅವನ ಚಪ್ಪಲಿಯ ಸದ್ದು ಮುಂದೆ ಹೋಯಿತು. ಅಜ್ಜಿ ಬಾಗಿಲು ಹಾಕಿ, ಅಗಳಿ ತಳ್ಳಿ, ಹಾಗೇ ಅಲ್ಲೇ ಕುಸಿದು ಕೂತಿತು. "ನನ್ ಮಗ್ನೂ ಇಂಗೇ ನಯ್ವಾಗ್ ಮಾತಾಡ್ತನೆ," ಎಂದಿತು.

ಅವನು ಊರು ಬಿಟ್ಟು ಹೋಗಿರಲಿಲ್ಲ. ಮುಂದಿನ ಬೀದಿಯಲ್ಲಿ ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದಾನೆ ಎಂದು ಮೇಡಂಗೆ ಯಾರೋ ತಿಳಿಸಿದ್ದರಂತೆ. ಹೊರಗಿನ ಕಾರು ಬಂದರೆ ಅವನ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಅವರು ಕಳಿಸಿದ್ದು ನೀರಿನ ಶಾಖೆಯದೇ ಗಾಡಿ. ದಿನಕ್ಕೆರಡು ಸಲ ಪೈಪು ವಾಲ್ವು ಹೊತ್ತು ಆ ಬೀದಿಯಲ್ಲಿ ಗಡಗಡ ಎಂದು ಓಡಾಡುವ ಗಾಡಿ ಅದು, ನಾಯಿಯೂ ತಲೆ ಎತ್ತಿ ನೋಡುತ್ತಿರಲಿಲ್ಲ. ಹನ್ನೊಂದು ಮುಕ್ಕಾಲಿಗೆ ಅದು ಹಿತ್ತಲ ಬಾಗಿಲಿಗೆ ಬಂದು ನಿಂತಿತು. ಮೇಡಂ ಡ್ರೈವರನ ಪಕ್ಕದಲ್ಲಿ ಕೂತೇ ಬಂದಿದ್ದರು. ಇಳಿದು ಹುಡುಗಿಯನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಎಲ್ಲಿಗೆ ಎಂದು ಹೇಳಿದರು. ಅವಳು ಹೂಂ ಎಂದಳು.

ಚೀಲ ಒಂದೇ. ಅಜ್ಜಿ ಬುತ್ತಿ ಕಟ್ಟಿ ಕೊಟ್ಟಿತು. ನಾನು ಮಗುವಿನ ತಲೆಗೆ ಬಟ್ಟೆ ಸುತ್ತುತ್ತ ಕೇಳಿದೆ, "ಎಲ್ಗವ್ವ ಕಳುಸ್ತಾವ್ರೆ?"

"ಕೇಳ್ಬ್ಯಾಡಿ ಅಕ್ಕ."

"ನಾನೇನ್ ಯಾರ್ಗಾದ್ರೂ ಯೋಳ್ತೀನಾ? ನಿನ್ ನೋಡ್ಕಂಡು ಬರಾಣ ಅಂತ..."

"ಬ್ಯಾಡ ಅಕ್ಕ. ನಾ ಯೋಳಾಕಿಲ್ಲ. ನಾವು ಒಂಟ್ ಮ್ಯಾಲೆ ಬಾಗ್ಲಾಕ್ಕಳಿ. ಗಾಡಿ ಸದ್ದು ಪೂರ್ತಿ ನಿಲ್ಲೋಗಂಟ ಆಚ್ಗೆ ಬರ್ಬ್ಯಾಡಿ. ಯಾವ್ ಕಡೀಕೆ ಓದೋ ಅಂತ್ಲೂ ನೋಡ್ಬ್ಯಾಡಿ."

ಮುಖಕ್ಕೆ ಹೊಡೆದಂತಾಯಿತು. ಎರಡು ತಿಂಗಳು ಅವಳ ತಲೆ ಬಾಚಿದ್ದೆ, ಅವಳ ಮಗುವಿಗೆ ಜ್ವರ ಬಂದಾಗ ತೊಡೆಯ ಮೇಲೆ ಮಲಗಿಸಿಕೊಂಡಿದ್ದೆ. ತಪ್ಪು ಮಾಡಿದ್ದೆ, ನಿಜ. ಆದರೂ ನನ್ನನ್ನು ಅವನ ಸಾಲಿನಲ್ಲಿ ನಿಲ್ಲಿಸಿಬಿಟ್ಟಳಲ್ಲ ಎಂದುಕೊಂಡೆ. ಅವಳು ಬಗ್ಗಿ ನನ್ನ ಕಾಲು ಮುಟ್ಟಿದಳು. ನಾನು ಬಿಗುಮಾನದಿಂದ ಹರಸಲೂ ಇಲ್ಲ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯ.

ಬಾಗಿಲು ಹಾಕಿಕೊಂಡೆ. ಹೇಳಿದಂತೆ ಮಾಡಿದೆ, ಅದೂ ಸಿಟ್ಟಿಗೇ. ಗಾಡಿ ಬಲಕ್ಕೆ ತಿರುಗಿತೋ ಎಡಕ್ಕೋ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಅವಳಿಗೆ ಬೇಡವಾದದ್ದು ನನಗೂ ಬೇಡ ಎಂದು ಎರಡು ಕಿವಿಯನ್ನೂ ಅಂಗೈಯಲ್ಲಿ ಮುಚ್ಚಿಕೊಂಡು ಅಡುಗೆಮನೆಯ ಮೂಲೆಯಲ್ಲಿ ಕೂತೆ. ಅಜ್ಜಿ ಬಂದು ಭುಜ ಅಲುಗಿಸಿದ ಮೇಲೇ ಎದ್ದದ್ದು.

ಆ ವಾರವೇ ಮನೆ ಖಾಲಿಯಾಯಿತು. ಒಬ್ಬನಿಗೆ ಅನುಮಾನ ಬಂದ ಮನೆ ಇನ್ನು ಸುರಕ್ಷಿತವಲ್ಲ ಎಂದು ಅಜ್ಜಿಯನ್ನೂ ಬೇರೆಡೆಗೆ ಕರೆದೊಯ್ದರು. ಗುರುತು ಹತ್ತಿದ ನನಗೂ ಆ ಕೆಲಸ ಮುಗಿಯಿತು. ಮೇಡಂ ಅದನ್ನು ಮೆತ್ತಗೆ ಹೇಳಿದರು. ಮನೆಯಲ್ಲಿ ಕೂತು ಗಂಡನ ಲಾಳಿಗೆ ರೇಷ್ಮೆ ಎಳೆಯ ಕಂಡಿಕೆ ಸುತ್ತಿಕೊಡತೊಡಗಿದೆ. ಅವಳು ಸೇರಬೇಕಾದಲ್ಲಿಗೆ ಸೇರಿದಳೋ, ದಾರಿಯಲ್ಲೇ ಅವನ ಕಣ್ಣಿಗೆ ಬಿದ್ದಳೋ, ಬದುಕಿದ್ದಾಳೋ ಇಲ್ಲವೋ, ಯಾವುದೂ ಗೊತ್ತಿರಲಿಲ್ಲ. ಮೇಡಂಗೆ ಒಮ್ಮೆ ಫೋನು ಮಾಡಿದರೆ "ಆ ವಿಷಯ ಬಿಡಿ" ಎಂದು ಇಟ್ಟರು. ಬಿಡಿ ಎಂದರೆ ಕ್ಷೇಮವೇ, ಕೆಟ್ಟದ್ದೇ? ದಿನಪತ್ರಿಕೆಯಲ್ಲಿ ಹೆಂಗಸಿನ ಸಾವಿನ ಸುದ್ದಿ ಇದ್ದರೆ ಊರು, ವಯಸ್ಸು ಓದಿ ಮುಗಿಸುವವರೆಗೂ ಬೇರೆ ಕೆಲಸ ಮುಟ್ಟುತ್ತಿರಲಿಲ್ಲ. ಒಂದು ಸಲ ಸಂತೆಯಲ್ಲಿ ಆ ಗಾಡಿಯ ಡ್ರೈವರು ಸಿಕ್ಕಿ ನಕ್ಕ. ಕೇಳಲು ಬಾಯಿ ತೆರೆದವಳು ಮುಚ್ಚಿಕೊಂಡು ತರಕಾರಿ ಆರಿಸಿದೆ. ಕೇಳಬೇಡ ಎಂದಿದ್ದಳಲ್ಲ.

ಐದು ವಾರ ಕಳೆದಿತ್ತು. ಸೋಮವಾರ, ಮಾದಪ್ಪನ ವಾರ. ಬೆಳಿಗ್ಗೆ ಮನೆ ಸಾರಿಸಿ ಬಾಗಿಲಿಗೆ ನೀರು ಹಾಕುತ್ತಿದ್ದೆ. ಅವನು ಬಂದ. ಜೊತೆಯಲ್ಲಿ ಅವರ ಬೀದಿಯ ಇಬ್ಬರು ಹಿರಿಯರು. ಒಬ್ಬರ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಬೆಟ್ಟದ ವಿಭೂತಿಗಟ್ಟಿ, ಬಿಲ್ವಪತ್ರೆ, ಕರ್ಪೂರ. ನನ್ನ ಗಂಡ ಮಗ್ಗ ನಿಲ್ಲಿಸಿ ಮೇಲೆದ್ದು ಬಂದ. ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಂತರು.

"ತಪ್ ತಿಳ್ಕಬ್ಯಾಡ ಕಣವ್ವ," ಎಂದರು ಹಿರಿಯರು. "ಇವ್ನ್ ಎಂಡ್ತಿ ಮಗ್ಳು ಎಲ್ಲವ್ರೆ ಅಂತ ನಿಂಗೊತ್ತು ಅಂತಾನೆ. ಗೊತ್ತಿದ್ರೆ ಯೋಳು. ಗೊತ್ತಿಲ್ಲ ಅಂದ್ರೆ ಮಾದಪ್ಪನ್ ಮುಂದೆ ಕರ್ಪೂರ ಆರ್ಸು. ನಾವು ಎದ್ದೋಯ್ತೀವಿ. ಆಮ್ಯಾಲೆ ಇವ್ನು ನಿನ್ ಬಾಗ್ಲಿಗೆ ಬಂದ್ರೆ ನಮ್ಮನ್ ಕೇಳು."

ಅವನು ನನ್ನನ್ನೇ ನೋಡುತ್ತಿದ್ದ. ಅಗರದಲ್ಲಿ ಕಟ್ಟಿಹೋದ ನಾಲಿಗೆ ಅವನಿಗೆ ನೆನಪಿತ್ತು. ಕಣ್ಣಲ್ಲಿ ಗೆಲುವಿತ್ತು. ಇಡೀ ಬೀದಿಯ ಎದುರು ನಾನು ಮತ್ತೆ ತಡವರಿಸಿದರೆ ಸಾಕಿತ್ತು ಅವನಿಗೆ. ಆಮೇಲೆ ನನ್ನ ಬಾಯಿ ಬಿಡಿಸುವ ಕೆಲಸವನ್ನು ಬೀದಿಯೇ ಮಾಡುತ್ತಿತ್ತು.

ಕರ್ಪೂರ ಹೊತ್ತಿಸಿದರು.

ನಾನು ನನ್ನೊಳಗೇ ತಡಕಾಡಿದೆ. ಊರು ಗೊತ್ತೇ? ಇಲ್ಲ. ದಿಕ್ಕು? ಇಲ್ಲ, ಕಿವಿ ಮುಚ್ಚಿದ್ದೆ. ಯಾರಿಂದಾದರೂ ಒಂದು ಮಾತು? ಇಲ್ಲ, ಡ್ರೈವರನ ಮುಂದೆಯೂ ಬಾಯಿ ಮುಚ್ಚಿದ್ದೆ. ಎಷ್ಟು ತಡಕಿದರೂ ಕೈಗೆ ಏನೂ ಹತ್ತಲಿಲ್ಲ. ಆಗ ಅರ್ಥವಾಯಿತು. ಅವಳು ನನ್ನನ್ನು ಅವನ ಸಾಲಿನಲ್ಲಿ ನಿಲ್ಲಿಸಿರಲಿಲ್ಲ. ಈ ತಟ್ಟೆ ಒಂದು ದಿನ ನನ್ನ ಮುಂದೆ ಬರುತ್ತದೆ ಎಂದು ಅವಳಿಗೆ ಆವತ್ತೇ ಗೊತ್ತಿತ್ತು. ಅವಳಿಗೆ ಅವನೂ ಗೊತ್ತು, ನಾನೂ ಗೊತ್ತು.

"ಮಾದಪ್ಪನಾಣೆ," ಎಂದೆ, ಬೀದಿಯ ಕೊನೆಗೆ ಕೇಳಿಸುವಂತೆ. "ಅವ್ಳೂ ಮಗೂವೂ ಎಲ್ಲವ್ರೆ ಅಂತ ನಂಗೊತ್ತಿಲ್ಲ. ಯಾವ್ ದಿಕ್ಕೀಗ್ ಓದ್ರು ಅಂತ್ಲೂ ಗೊತ್ತಿಲ್ಲ." ಉರಿಯ ಮೇಲೆ ಅಂಗೈ ಒತ್ತಿ ಹಿಡಿದೆ. ಆರುವವರೆಗೂ ತೆಗೆಯಲಿಲ್ಲ.

ಅವನ ಮುಖ ಸುಣ್ಣವಾಯಿತು. ನಿಜ ಎಂದು ಅವನಿಗೆ ತಿಳಿಯಿತು, ಅವನೂ ನಮ್ಮ ಕಡೆಯವನೇ ತಾನೇ. ಹಿರಿಯರು ತಟ್ಟೆ ಎತ್ತಿಕೊಂಡು, "ಆಯ್ತಲ್ಲಪ್ಪ, ನಡಿ ಇನ್ನು," ಎಂದು ಅವನ ತೋಳು ಹಿಡಿದು ಕರೆದೊಯ್ದರು.

ಗಂಡ ನನ್ನನ್ನು ಒಳಗೆ ಕೂರಿಸಿ ಅಂಗೈಗೆ ಬೆಣ್ಣೆ ಹಚ್ಚಿದ. "ನಿಜ್ವಾಗ್ಲೂ ಗೊತ್ತಿಲ್ವಾ ನಿಂಗೆ?" ಎಂದು ಮೆಲ್ಲಗೆ ಕೇಳಿದ. ಇಲ್ಲ ಎಂದೆ, ಎಂದದ್ದೇ ಬಿಕ್ಕಿ ಬಿಕ್ಕಿ ಅತ್ತೆ. ಕೈ ಉರಿಯುತ್ತದೆಂದು ಅಳುತ್ತಿದ್ದೇನೆ ಎಂದುಕೊಂಡು ಅವನು ಇನ್ನಷ್ಟು ಬೆಣ್ಣೆ ತರಲು ಎದ್ದ. ಉರಿ ನನಗೆ ಗೊತ್ತೇ ಆಗುತ್ತಿರಲಿಲ್ಲ. ಅವಳು ಬದುಕಿದ್ದಾಳೋ ಇಲ್ಲವೋ ಎಂದು ಐದು ವಾರ ನಾನು ಯಾರನ್ನೂ ಕೇಳಲಾರದೆ ಬೆಂದಿದ್ದೆ. ಅದನ್ನು ಅವನೇ ಮನೆ ಬಾಗಿಲಿಗೆ ಬಂದು ತಿಳಿಸಿಹೋಗಿದ್ದ: ನನ್ನನ್ನು ಕೇಳುವುದಕ್ಕೆ ಬಂದನೆಂದರೆ, ಅವಳು ಇನ್ನೂ ಅವನಿಗೆ ಸಿಕ್ಕಿಲ್ಲ.